ಒಂದು ಗ್ರಾಂ ಚಿನ್ನ, ಒಂದು ಲೋಟ ನೀರು

ಕಳೆದ ವರ್ಷ ಕಾಲೇಜು ಶುಲ್ಕ ಕಟ್ಟುವ ಸಮಯ. ಅಮ್ಮ ಬೀರುವಿನಿಂದ ಒಂದು ಪುಟ್ಟ ಸ್ಟೀಲ್ ಡಬ್ಬಿ ತೆಗೆದಳು. ಅದರಲ್ಲಿ ಆರು ಚಿನ್ನದ ನಾಣ್ಯಗಳಿದ್ದವು, ತಲಾ ಒಂದು ಗ್ರಾಂ. ಹೊಲಿಗೆ ದುಡ್ಡಿನಲ್ಲಿ ಉಳಿಸಿ, ಕೆಲವನ್ನು ಅಕ್ಷಯ ತೃತೀಯದಂದು, ಕೆಲವನ್ನು ಚೀಟಿ ಕಟ್ಟಿ, ವರ್ಷಕ್ಕೊಂದರಂತೆ ಸೇರಿಸಿದ್ದವು. ‘ನಿನ್ನ ಮದುವೆಗೆ ಅಂತ ಇಟ್ಟಿದ್ದೆ ಕಣೇ. ಈಗ ಓದಿಗೇ ಆಗಲಿ ಬಿಡು’ ಅಂದಳು.

ಇಬ್ಬರೂ ಒಂದು ಅಂಗಡಿಗೆ ಹೋದೆವು. ಅಲ್ಲಿದ್ದವರು ನಾಣ್ಯಗಳನ್ನು ತಿರುಗಿಸಿ ನೋಡಿ, ‘ನಮ್ಮಲ್ಲಿ ತಗೊಂಡಿದ್ದಲ್ಲ, ಬಿಲ್ಲೂ ಇಲ್ಲ. ಕರಗಿಸಿ ನೋಡಿದ ಮೇಲೇ ರೇಟು ಹೇಳೋದು’ ಎಂದರು. ಕರಗಿಸಿದ ಮೇಲೆ ರೇಟು ಹಿಡಿಸದಿದ್ದರೆ ನಮ್ಮ ಕೈಗೆ ನಾಣ್ಯ ವಾಪಸ್ ಬರುವುದಿಲ್ಲ, ಒಂದು ಮುದ್ದೆ ಬರುತ್ತದೆ. ಅಮ್ಮ ಡಬ್ಬಿ ಮುಚ್ಚಿಕೊಂಡು ಹೊರಟಳು. ಬಸ್ಸಿನಲ್ಲಿ ಅವಳು ಕೇಳಿದ ಒಂದೇ ಪ್ರಶ್ನೆ: ‘ನೀನು ಎಂಜಿನಿಯರಿಂಗ್ ಓದ್ತಿದ್ದೀಯಲ್ಲ, ಇದು ಚಿನ್ನಾನೋ ಅಲ್ವೋ ಅಂತ ನಾವೇ ನೋಡೋಕೆ ಆಗಲ್ವಾ?’

ಮೆಕ್ಯಾನಿಕಲ್ ಮೂರನೇ ವರ್ಷದಲ್ಲಿರುವ ನನಗೆ ಆ ಪ್ರಶ್ನೆಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಹುಡುಕುತ್ತಾ ಹೋದಾಗ, ಇದು ನಮ್ಮ ಮನೆಯೊಂದರ ಪ್ರಶ್ನೆಯಲ್ಲ ಎಂಬುದು ಅರ್ಥವಾಯಿತು.

ಆಭರಣಕ್ಕೆ ಕಾವಲಿದೆ, ನಾಣ್ಯಕ್ಕೆ?

2025ರ ಏಪ್ರಿಲ್‌ನಲ್ಲಿ ಹತ್ತು ಗ್ರಾಂ ಚಿನ್ನದ ಬೆಲೆ ಲಕ್ಷ ರೂಪಾಯಿ ಮುಟ್ಟಿತು. ಅದೇ ವರ್ಷ ಬೆಳ್ಳಿಯೂ ಕಿಲೋಗೆ ಲಕ್ಷ ದಾಟಿತು. ಬೆಲೆ ಏರಿದಷ್ಟೂ ಮಧ್ಯಮ ವರ್ಗದವರು ಸರ, ಬಳೆ ಬಿಟ್ಟು ಸಣ್ಣ ನಾಣ್ಯದ ಕಡೆ ತಿರುಗುವುದು ಸಹಜ. ಮಜೂರಿ ಕಡಿಮೆ, ವೇಸ್ಟೇಜ್ ತಲೆನೋವಿಲ್ಲ, ಕೈಯಲ್ಲಿದ್ದಷ್ಟು ದುಡ್ಡಿಗೆ ಸಿಗುತ್ತದೆ. ಬೆಲೆ ಏರಿದಷ್ಟೂ ನಕಲಿ ಮಾಡುವವನಿಗೂ ಲಾಭ ಹೆಚ್ಚು.

ಆಭರಣದ ವಿಷಯದಲ್ಲಿ ನಮ್ಮ ದೇಶ ಒಳ್ಳೆಯ ಹೆಜ್ಜೆಗಳನ್ನೇ ಇಟ್ಟಿದೆ. 2021ರ ಜೂನ್ 16ರಿಂದ 256 ಜಿಲ್ಲೆಗಳಲ್ಲಿ ಚಿನ್ನದ ಆಭರಣಕ್ಕೆ ಹಾಲ್‌ಮಾರ್ಕ್ ಕಡ್ಡಾಯವಾಯಿತು. 2023ರ ಏಪ್ರಿಲ್ 1ರಿಂದ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಸಂಖ್ಯೆ ಇಲ್ಲದೆ ಹಾಲ್‌ಮಾರ್ಕ್ ಆಭರಣ ಮಾರುವಂತಿಲ್ಲ. ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಅದು ಯಾವ ಬಗೆಯ ವಸ್ತು, ಎಷ್ಟು ಶುದ್ಧ, ಎಲ್ಲಿ ಪರೀಕ್ಷೆಯಾಯಿತು ಎಂಬುದೆಲ್ಲ ಬರುತ್ತದೆ. ಕೈಯಲ್ಲಿ ಬಳೆ ಇದ್ದು ಆ್ಯಪ್ ‘ಉಂಗುರ’ ಎಂದು ತೋರಿಸಿದರೆ ಸಂಖ್ಯೆ ಕದ್ದದ್ದು ಎಂದು ಗೊತ್ತಾಗುತ್ತದೆ.

ಆದರೆ ಇದಕ್ಕೆಲ್ಲ ಆಧಾರವಾದ 2020ರ ಹಾಲ್‌ಮಾರ್ಕಿಂಗ್ ಆದೇಶದಲ್ಲಿ ವಿನಾಯಿತಿಗಳ ಪಟ್ಟಿಯೊಂದಿದೆ. ಚಿನ್ನದ ಗಟ್ಟಿ, ತಗಡು, ಸರಳು, ತಂತಿ, ನಾಣ್ಯ ಇವೆಲ್ಲ ಅದರಲ್ಲಿವೆ. ಎರಡು ಗ್ರಾಂಗಿಂತ ಕಡಿಮೆ ತೂಕದ ವಸ್ತುವಿಗೂ ವಿನಾಯಿತಿ ಇದೆ. ಅಂದರೆ ಅಮ್ಮನ ಒಂದು ಗ್ರಾಂ ನಾಣ್ಯ ಎರಡೂ ಕಡೆಯಿಂದ ಕಡ್ಡಾಯದ ಬಲೆಯಿಂದ ನುಸುಳಿದೆ. ಹಾಲ್‌ಮಾರ್ಕ್ ಇರುವ ನಾಣ್ಯಗಳು ಸಿಗುವುದಿಲ್ಲ ಎಂದಲ್ಲ. 2015ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರವೇ ಅಶೋಕ ಚಕ್ರ ಮತ್ತು ಗಾಂಧೀಜಿ ಚಿತ್ರವಿರುವ ‘ಇಂಡಿಯನ್ ಗೋಲ್ಡ್ ಕಾಯಿನ್’ ಹೊರತಂದಿತು, ಅದಕ್ಕೆ ಹಾಲ್‌ಮಾರ್ಕ್ ಇದೆ. ಆದರೆ ಅದು ಬಂದದ್ದು 5, 10 ಮತ್ತು 20 ಗ್ರಾಂ ತೂಕಗಳಲ್ಲಿ. ಬೆಳ್ಳಿಗೆ 2025ರ ಸೆಪ್ಟೆಂಬರ್ 1ರಿಂದ ಎಚ್‌ಯುಐಡಿ ಬಂದಿದೆಯಾದರೂ ಅದು ಮಾರುವವರ ಇಚ್ಛೆಗೆ ಬಿಟ್ಟದ್ದು.

ಬ್ಯಾಂಕುಗಳು ನಾಣ್ಯ ಮಾರುತ್ತವೆ, ಮರಳಿ ಕೊಳ್ಳುವುದಿಲ್ಲ. ಹಾಗಾಗಿ ಮಾರುವ ದಿನ ಬಂದಾಗ ‘ಇದು ಅಸಲಿ’ ಎಂದು ಸಾಬೀತು ಮಾಡುವ ಹೊಣೆ ಡಬ್ಬಿ ಹಿಡಿದು ನಿಂತ ಗ್ರಾಹಕರ ಮೇಲೇ ಬೀಳುತ್ತದೆ. ಹಾಗಿದ್ದರೆ ಗ್ರಾಹಕರ ಕೈಯಲ್ಲಿ ಯಾವ ಸಾಧನಗಳಿವೆ?

ಸಾವಿರ ರೂಪಾಯಿಯ ಪ್ರಯೋಗಾಲಯ

ನಾನು ಕೊಂಡದ್ದು ಮೂರು ವಸ್ತು: 0.01 ಗ್ರಾಂವರೆಗೆ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ, ಒಂದು ನಿಯೋಡಿಮಿಯಂ ಅಯಸ್ಕಾಂತ, ದಪ್ಪ ಅಳೆಯಲು ಡಿಜಿಟಲ್ ವರ್ನಿಯರ್. ಮೂರೂ ಸೇರಿ ಸಾವಿರ ರೂಪಾಯಿ ದಾಟಲಿಲ್ಲ.

ಅಯಸ್ಕಾಂತದ ಪರೀಕ್ಷೆ ಅರ್ಧ ನಿಮಿಷದ್ದು. ಚಿನ್ನ, ಬೆಳ್ಳಿ ಎರಡೂ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅಂಟಿದರೆ ಒಳಗೆ ಕಬ್ಬಿಣವೋ ನಿಕ್ಕಲ್ಲೋ ಇದೆ ಎಂದರ್ಥ. ಆದರೆ ಹಿತ್ತಾಳೆ, ತಾಮ್ರ, ಸೀಸ ಕೂಡ ಅಂಟುವುದಿಲ್ಲ! ಹೀಗಾಗಿ ಅಂಟಿದರೆ ನಕಲಿ, ಅಂಟದಿದ್ದರೆ ಏನೂ ಗೊತ್ತಾಗಲಿಲ್ಲ, ಅಷ್ಟೆ. ಬೆಳ್ಳಿ ಗಟ್ಟಿಗೆ ಮಾತ್ರ ಇದರಿಂದ ಇನ್ನೊಂದು ಉಪಯೋಗವಿದೆ. ಗಟ್ಟಿಯನ್ನು ಓರೆಯಾಗಿ ಹಿಡಿದು ಅಯಸ್ಕಾಂತವನ್ನು ಜಾರಿಸಿದರೆ ಅದು ಎಣ್ಣೆಯಲ್ಲಿ ಜಾರಿದಂತೆ ನಿಧಾನವಾಗಿ ಇಳಿಯುತ್ತದೆ. ಪಿಯುಸಿಯಲ್ಲಿ ಓದಿದ ಲೆನ್ಜ್ ನಿಯಮವೇ ಇದು. ಬೆಳ್ಳಿ ಅತ್ಯುತ್ತಮ ವಿದ್ಯುತ್ ವಾಹಕವಾದ್ದರಿಂದ ಜಾರುವ ಅಯಸ್ಕಾಂತ ಅದರಲ್ಲಿ ಸುಳಿ ಪ್ರವಾಹ ಹುಟ್ಟಿಸುತ್ತದೆ, ಆ ಪ್ರವಾಹ ಅಯಸ್ಕಾಂತವನ್ನೇ ತಡೆಯುತ್ತದೆ. ಸೀಸದ ಮೇಲೆ ಇಷ್ಟು ತಡೆ ಇರುವುದಿಲ್ಲ. ಆದರೆ ತಾಮ್ರವೂ ಹೀಗೇ ತಡೆಯುತ್ತದೆ ಎಂಬುದು ನೆನಪಿರಲಿ.

ನಿಜವಾದ ಕೆಲಸ ಮಾಡುವುದು ತಕ್ಕಡಿ ಮತ್ತು ನೀರು. ಆರ್ಕಿಮಿಡೀಸ್ ಕತೆ ಎಲ್ಲರಿಗೂ ಗೊತ್ತು, ಮನೆಯಲ್ಲಿ ಮಾಡುವ ವಿಧಾನ ಹಲವರಿಗೆ ಗೊತ್ತಿಲ್ಲ. ಮೊದಲು ನಾಣ್ಯದ ತೂಕ ಬರೆದುಕೊಳ್ಳಿ. ಅರ್ಧ ಲೋಟ ನೀರನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ತೆಳು ದಾರದಲ್ಲಿ ಕಟ್ಟಿ, ತಳಕ್ಕೂ ಗೋಡೆಗೂ ತಾಗದಂತೆ ನೀರಿನಲ್ಲಿ ಪೂರ್ತಿ ಮುಳುಗಿಸಿ ಹಿಡಿಯಿರಿ. ಆಗ ತಕ್ಕಡಿ ತೋರಿಸುವುದು ನಾಣ್ಯ ಪಕ್ಕಕ್ಕೆ ಸರಿಸಿದ ನೀರಿನ ತೂಕ. ಮೊದಲ ತೂಕವನ್ನು ಇದರಿಂದ ಭಾಗಿಸಿದರೆ ಸಿಗುವುದೇ ಸಾಂದ್ರತೆ. ಅಪ್ಪಟ ಚಿನ್ನಕ್ಕೆ ಅದು 19.3, ಬೆಳ್ಳಿಗೆ 10.5, ಸೀಸಕ್ಕೆ 11.3, ತಾಮ್ರಕ್ಕೆ 8.9, ಹಿತ್ತಾಳೆಗೆ ಸುಮಾರು ಎಂಟೂವರೆ.

ಹಬ್ಬದ ಸಮಯದಲ್ಲಿ ಬರುವ ಲಕ್ಷ್ಮಿ ಚಿತ್ರದ ಬೆಳ್ಳಿ ನಾಣ್ಯಗಳಿಗೆ ಇದಕ್ಕಿಂತ ಒಳ್ಳೆಯ ಅಗ್ಗದ ಪರೀಕ್ಷೆ ಇಲ್ಲ. ‘ಜರ್ಮನ್ ಸಿಲ್ವರ್’ ಎಂಬುದರಲ್ಲಿ ಹೆಸರು ಬಿಟ್ಟರೆ ಬೆಳ್ಳಿ ಇಲ್ಲವೇ ಇಲ್ಲ. ಅದು ತಾಮ್ರ, ನಿಕ್ಕಲ್, ಸತುವಿನ ಮಿಶ್ರಣ. ಹತ್ತು ಗ್ರಾಂ ಅಸಲಿ ಬೆಳ್ಳಿ 0.95 ಗ್ರಾಂ ನೀರನ್ನು ಸರಿಸಿದರೆ ಇದು ಸುಮಾರು 1.15 ಗ್ರಾಂ ಸರಿಸುತ್ತದೆ. ಐನೂರು ರೂಪಾಯಿ ತಕ್ಕಡಿಗೂ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಅಜ್ಜಿ ಹೇಳುತ್ತಿದ್ದುದನ್ನು ಇಲ್ಲಿ ಅಂಕಿಯಲ್ಲೇ ನೋಡಬಹುದು. ಜಾತ್ರೆಗಳಲ್ಲಿ ಮಾರುವ ವಿಕ್ಟೋರಿಯಾ ರಾಣಿಯ ಹಳೆಯ ರೂಪಾಯಿಗೂ ಇದೇ ಪರೀಕ್ಷೆ ಸಾಕು. ಅಸಲಿ ಬೆಳ್ಳಿ ರೂಪಾಯಿ 11.66 ಗ್ರಾಂ ತೂಗುತ್ತದೆ, ಅದರಲ್ಲಿ ಶೇ 91.7ರಷ್ಟು ಬೆಳ್ಳಿ. ಸವೆದದ್ದಾದರೆ ತೂಕ ತುಸು ಕಡಿಮೆ ಇರಬಹುದು, ಸಾಂದ್ರತೆ ಮಾತ್ರ ಸವೆಯುವುದಿಲ್ಲ.

ಅಮ್ಮನ ಆರು ನಾಣ್ಯ

ಇಷ್ಟೆಲ್ಲ ಕಲಿತು ಒಂದು ಭಾನುವಾರ ಅಡುಗೆಮನೆ ಕಟ್ಟೆಯ ಮೇಲೆ ಕೆಲಸಕ್ಕೆ ಕೂತೆ. ಮೊದಲ ತಕರಾರು ಅಮ್ಮನದು. ಮೂರು ನಾಣ್ಯಗಳು ಇನ್ನೂ ಪ್ಲಾಸ್ಟಿಕ್ ಕಾರ್ಡಿನೊಳಗೇ ಇದ್ದವು. ‘ಕವರ್ ಹರಿದ್ರೆ ಬೆಲೆ ಕಮ್ಮಿ ಮಾಡ್ತಾರೆ.’ ಅವಳ ಮಾತು ನಿಜ. ಮುಚ್ಚಿದ ಕಾರ್ಡೇ ನಂಬಿಕೆಯ ಗುರುತು, ಆದರೆ ಅದನ್ನು ಬಿಚ್ಚದೆ ಒಳಗಿರುವುದನ್ನು ನೀರಿಗೆ ಇಳಿಸುವಂತಿಲ್ಲ. ಕೊನೆಗೆ ಅವಳೇ ಕತ್ತರಿ ತಂದು ಕೊಟ್ಟಳು.

ಎರಡನೇ ತಕರಾರು ಭೌತವಿಜ್ಞಾನದ್ದು. ಒಂದು ಗ್ರಾಂ ಅಪ್ಪಟ ಚಿನ್ನ ಸರಿಸುವ ನೀರು ಕೇವಲ 0.052 ಗ್ರಾಂ. ನನ್ನ ತಕ್ಕಡಿಯ ಅತಿ ಚಿಕ್ಕ ಹೆಜ್ಜೆಯೇ 0.01. ಒಂದೇ ನಾಣ್ಯವನ್ನು ಮೂರು ಸಲ ಅಳೆದೆ: 0.04, 0.06, 0.07. ಲೆಕ್ಕ ಹಾಕಿದರೆ ಸಾಂದ್ರತೆ ಒಮ್ಮೆ 25, ಒಮ್ಮೆ 16.7, ಒಮ್ಮೆ 14! ಜತೆಗೆ ಮೂರು ಮಿಲಿಮೀಟರ್‌ನ ಒಂದು ಗಾಳಿಗುಳ್ಳೆ ನಾಣ್ಯಕ್ಕೆ ಅಂಟಿಕೊಂಡರೂ ಅದು 0.014 ಗ್ರಾಂ ನೀರು ಸರಿಸುತ್ತದೆ, ನಾಣ್ಯದ ಪಾಲಿನ ಕಾಲು ಭಾಗಕ್ಕೂ ಹೆಚ್ಚು. ಅಸಲಿ ನಾಣ್ಯವೇ ನಕಲಿಯಂತೆ ಕಾಣಲು ಅಷ್ಟು ಸಾಕು. ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿದ ಮೇಲೆ ಗುಳ್ಳೆ ಹೋಯಿತು, ತಕ್ಕಡಿಯ ಮಿತಿ ಹೋಗಲಿಲ್ಲ.

ಹಾಗಾಗಿ ಆರನ್ನೂ ಒಟ್ಟಿಗೆ ಮುಳುಗಿಸಿದೆ. ಸೊಳ್ಳೆಪರದೆಯ ಪುಟ್ಟ ತುಂಡಿನಲ್ಲಿ ಚೀಲ ಮಾಡಿ, ಮೊದಲು ಬರೀ ಚೀಲ ಮುಳುಗಿಸಿ ಸೊನ್ನೆಗೆ ತಂದು, ಆಮೇಲೆ ನಾಣ್ಯ ತುಂಬಿದೆ. ಬರಬೇಕಿದ್ದದ್ದು 0.31. ಬಂದದ್ದು 0.35. ಸಾಂದ್ರತೆ 17.1. ನಾಣ್ಯಗಳ ಮೇಲೆಲ್ಲ ‘24 ಕ್ಯಾರಟ್’ ಎಂದಿದೆ. ಆರೂ 22 ಕ್ಯಾರಟ್ ಆಗಿದ್ದರೂ ಸುಮಾರು ಇಷ್ಟೇ ಬರಬಹುದು, ಐದು ಅಪ್ಪಟ ಇದ್ದು ಒಂದು ಖೋಟಾ ಆಗಿದ್ದರೂ ಇಷ್ಟೇ ಬರಬಹುದು.

ಮೂರು ಮೂರಾಗಿ ಭಾಗ ಮಾಡಿದೆ. ಒಂದು ಗುಂಪು 0.15, ಇನ್ನೊಂದು 0.20. ಮೊದಲ ಗುಂಪು ಅಪ್ಪಟ ಚಿನ್ನದ ಲೆಕ್ಕಕ್ಕೆ ಬಂತು. ಎರಡನೆಯದರ ಸಾಂದ್ರತೆ 15. ಮಾರನೆಯ ದಿನ ಆ ಮೂರನ್ನು ಕಾಲೇಜಿಗೆ ಒಯ್ದು, ಮೇಡಂ ಅನುಮತಿ ಪಡೆದು ರಸಾಯನ ಪ್ರಯೋಗಾಲಯದ ಸೂಕ್ಷ್ಮ ತಕ್ಕಡಿಯಲ್ಲಿ ಒಂದೊಂದಾಗಿ ಅಳೆದೆ. 0.052. 0.051. ಮೂರನೆಯದು 0.096. ಸಾಂದ್ರತೆ 10.4, ಅಂದರೆ ಹೆಚ್ಚುಕಡಿಮೆ ಬೆಳ್ಳಿ. ಪರಿಚಯದ ಅಕ್ಕಸಾಲಿಗರು ಅದರ ಅಂಚನ್ನು ಅರದಿಂದ ತುಸು ಉಜ್ಜಿದಾಗ ಹಳದಿಯ ಕೆಳಗೆ ಬಿಳಿ ಕಾಣಿಸಿತು. ಬೆಳ್ಳಿಗೆ ಚಿನ್ನದ ಗಿಲೀಟು.

ಅದು ಚೀಟಿ ಮುಗಿದಾಗ ಕೊಟ್ಟ ನಾಣ್ಯ. ಬಿಲ್ ಇಲ್ಲ, ಆ ಚೀಟಿಯೂ ಈಗ ನಡೆಯುತ್ತಿಲ್ಲ. ಗೊತ್ತಾದ ಮೇಲೆ ನೋಡಿದರೆ ಅದು ಉಳಿದವುಗಳ ಹೆಚ್ಚುಕಡಿಮೆ ಎರಡರಷ್ಟು ದಪ್ಪ. ವರ್ನಿಯರ್ ಕೂಡ ಬೇಕಿರಲಿಲ್ಲ. ಅಮ್ಮ ಅಂದಳು, ‘ದಪ್ಪ ಇದೆಯಲ್ಲ, ಇದು ಒಳ್ಳೇದು ಅನ್ಕೊಂಡಿದ್ದೆ.’

ಒಂದು ಸಾಧನ, ಒಂದೇ ಪ್ರಶ್ನೆ

ಈ ಅನುಭವದಿಂದ ನನಗೆ ತಿಳಿದದ್ದು ಇಷ್ಟು: ಪ್ರತಿಯೊಂದು ಸಾಧನವೂ ಲೋಹಕ್ಕೆ ಒಂದೇ ಪ್ರಶ್ನೆ ಕೇಳುತ್ತದೆ. ನಕಲಿ ಮಾಡುವವನು ಆ ಒಂದು ಪ್ರಶ್ನೆಗೆ ಉತ್ತರ ಸಿದ್ಧ ಮಾಡಿಕೊಂಡಿರುತ್ತಾನೆ. ಒರೆಗಲ್ಲು ಕೇಳುವುದು ಮೇಲ್ಮೈಯನ್ನು. ಅಂಗಡಿಗಳಲ್ಲಿರುವ, ಹಲವು ಲಕ್ಷ ಬೆಲೆಯ ಎಕ್ಸ್-ರೇ ಕ್ಯಾರಟ್ ಮೀಟರ್ ಕೂಡ ಚಿನ್ನದಲ್ಲಿ ಕೂದಲಿನ ದಪ್ಪಕ್ಕಿಂತ ಕಡಿಮೆ ಆಳವನ್ನಷ್ಟೇ ಓದುತ್ತದೆ. ತೆಳು ಗಿಲೀಟು ಅದಕ್ಕೆ ಸಿಕ್ಕಿಬೀಳುತ್ತದೆ, ದಪ್ಪ ಹೊದಿಕೆ ತಪ್ಪಿಸಿಕೊಳ್ಳಬಲ್ಲದು. ನೀರಿನ ಪರೀಕ್ಷೆ ಒಳಗನ್ನು ಕೇಳುತ್ತದೆ, ಆದರೆ ಟಂಗ್‌ಸ್ಟನ್ ಎಂಬ ಲೋಹದ ಸಾಂದ್ರತೆಯೂ 19.3ರ ಆಸುಪಾಸಿನಲ್ಲೇ ಇದೆ. 2012ರಲ್ಲಿ ನ್ಯೂಯಾರ್ಕ್‌ನ ಚಿನಿವಾರಪೇಟೆಯಲ್ಲಿ ಪ್ರಸಿದ್ಧ ಸ್ವಿಸ್ ಕಂಪನಿಯ ಮುದ್ರೆಯಿದ್ದ ಹತ್ತು ಔನ್ಸ್ ಗಟ್ಟಿಗಳನ್ನು ಕೊರೆದಾಗ ಒಳಗೆ ಟಂಗ್‌ಸ್ಟನ್ ಸಿಕ್ಕಿತ್ತು. 2020ರಲ್ಲಿ ಚೀನಾದ ವುಹಾನ್‌ನ ಆಭರಣ ಕಂಪನಿಯೊಂದು ಸಾಲಕ್ಕೆ ಅಡವಿಟ್ಟ 83 ಟನ್ ಚಿನ್ನದಲ್ಲಿ ಗಿಲೀಟು ತಾಮ್ರ ಇತ್ತೆಂದು ಅಲ್ಲಿನ ಪತ್ರಿಕೆಗಳು ವರದಿ ಮಾಡಿದವು. ಅಲ್ಲಿ ಟಂಗ್‌ಸ್ಟನ್‌ನ ಜಾಣತನವೂ ಬೇಕಾಗಿರಲಿಲ್ಲ. ಒಳಗನ್ನು ಸರಿಯಾಗಿ ಯಾರೂ ಕೇಳಿರಲಿಲ್ಲ, ಅಷ್ಟೆ.

ದೊಡ್ಡ ಗಟ್ಟಿ ಕೊಳ್ಳುವವರಿಗೆ ಇಲ್ಲೂ ದಾರಿಯಿದೆ. ಶಬ್ದ ಚಿನ್ನದೊಳಗೆ ಸೆಕೆಂಡಿಗೆ ಸುಮಾರು 3,240 ಮೀಟರ್, ಟಂಗ್‌ಸ್ಟನ್‌ನಲ್ಲಿ ಸುಮಾರು 5,200 ಮೀಟರ್ ಓಡುತ್ತದೆ. ಪೈಪುಗಳ ದಪ್ಪ ಅಳೆಯಲು ಕಾರ್ಖಾನೆಗಳಲ್ಲಿ ಬಳಸುವ ಅಲ್ಟ್ರಾಸಾನಿಕ್ ಗೇಜ್ ಕೆಲವು ಸಾವಿರ ರೂಪಾಯಿಗೇ ಸಿಗುತ್ತದೆ. ಚಿನ್ನದ ವೇಗಕ್ಕೆ ಹೊಂದಿಸಿ ಹತ್ತು ಮಿ.ಮೀ. ದಪ್ಪದ ಗಟ್ಟಿಗೆ ಇಟ್ಟಾಗ ಅದು ಆರೇಳು ಮಿ.ಮೀ. ತೋರಿಸಿದರೆ ಒಳಗಿರುವುದು ಬೇರೆ. ಸಾಂದ್ರತೆ ಮತ್ತು ಶಬ್ದ, ಈ ಎರಡು ಪ್ರಶ್ನೆಗಳಿಗೂ ಚಿನ್ನದಂತೆಯೇ ಉತ್ತರಿಸುವ ಅಗ್ಗದ ಲೋಹ ಸಿಗುವುದು ಕಷ್ಟ. ಒಂದೇ ಸಾಧನಕ್ಕೆ ಹೆಚ್ಚು ದುಡ್ಡು ಸುರಿಯುವುದಕ್ಕಿಂತ, ಬೇರೆ ಬೇರೆ ಗುಣ ಅಳೆಯುವ ಎರಡು ಅಗ್ಗದ ಸಾಧನಗಳು ಮೇಲು.

ಆಸಿಡ್ ಕಿಟ್ ಬಗ್ಗೆ ಒಂದು ಮಾತು: ಅದರಲ್ಲಿರುವುದು ನೈಟ್ರಿಕ್ ಆಮ್ಲ. ಚರ್ಮ ಸುಡುತ್ತದೆ, ಹೊಗೆ ವಿಷ, ನಾಣ್ಯಕ್ಕೂ ಕಲೆ. ಮನೆಯಲ್ಲಿ ಬೇಡ.

ಯಾವ ಸಾಧನವೂ ಕಾಪಾಡದ ಮೋಸವೂ ಇದೆ. ‘ಮನೆ ಪಾಯ ತೆಗೆಯುವಾಗ ಹಳೇ ಕಾಲದ ಚಿನ್ನದ ನಾಣ್ಯ ಸಿಕ್ಕಿದೆ, ಅರ್ಧ ಬೆಲೆಗೆ ಕೊಡುತ್ತೇವೆ’ ಎಂಬ ವಂಚನೆಯ ಸುದ್ದಿ ಮಧ್ಯ ಕರ್ನಾಟಕದಿಂದ ಮತ್ತೆ ಮತ್ತೆ ಬರುತ್ತಲೇ ಇರುತ್ತದೆ. ಮೊದಲು ಒಂದು ನಾಣ್ಯ ಕೊಟ್ಟು ‘ಬೇಕಾದಲ್ಲಿ ಪರೀಕ್ಷೆ ಮಾಡಿಸಿ’ ಅನ್ನುತ್ತಾರೆ. ಅದು ಅಸಲಿಯೇ ಆಗಿರುತ್ತದೆ. ಆಮೇಲೆ ಲಕ್ಷಗಟ್ಟಲೆ ದುಡ್ಡಿಗೆ ಬರುವ ಚೀಲದಲ್ಲಿ ಇರುವುದೆಲ್ಲ ಖೋಟಾ. ಸ್ಯಾಂಪಲ್ಲನ್ನು ನಾವು ಆರಿಸದೆ ಅವರೇ ಆರಿಸಿಕೊಟ್ಟಾಗ ಆ ಪರೀಕ್ಷೆಗೆ ಅರ್ಥವಿಲ್ಲ. ಇದನ್ನು ಹೇಳಲು ಸಂಖ್ಯಾಶಾಸ್ತ್ರವೇನೂ ಬೇಕಿಲ್ಲ.

ಆಗಬೇಕಾದ್ದು ಏನು?

ನನ್ನ ಪ್ರಯೋಗದಲ್ಲಿ ನನಗೆ ಹೆಚ್ಚು ಬೇಸರ ತಂದದ್ದು ಖೋಟಾ ನಾಣ್ಯವಲ್ಲ, 0.052 ಎಂಬ ಅಂಕಿ. ಐವತ್ತು ಗ್ರಾಂ ಗಟ್ಟಿ ಕೊಳ್ಳುವವರು ಅದನ್ನು ಅಗ್ಗದ ತಕ್ಕಡಿಯಲ್ಲೇ ನೂರಕ್ಕೆ ಒಂದು ಪಾಲೂ ತಪ್ಪಿಲ್ಲದಂತೆ ಅಳೆಯಬಹುದು. ಒಂದು ಗ್ರಾಂ ಕೊಳ್ಳುವವರಿಗೆ ಅದೇ ತಕ್ಕಡಿ ಸುಳ್ಳು ಹೇಳುತ್ತದೆ. 0.001 ಗ್ರಾಂ ತೋರಿಸುವ ತಕ್ಕಡಿಗೆ ಎರಡು ಸಾವಿರದ ಆಸುಪಾಸು ಕೊಡಬೇಕು, ಅದನ್ನು ಬಳಸಲು ಕೈಯೂ ಪಳಗಬೇಕು. ಕೊಳ್ಳುವವರು ಸಣ್ಣವರಾದಷ್ಟೂ ಪರೀಕ್ಷೆ ಕಷ್ಟ, ಕಾನೂನಿನ ವಿನಾಯಿತಿಯೂ ಅವರ ಮೇಲೆಯೇ. ಈ ಎರಡು ಸೇರಿದಾಗ ‘ಗ್ರಾಹಕರೇ ಎಚ್ಚರ ವಹಿಸಬೇಕು’ ಎಂಬ ಮಾತು ನ್ಯಾಯವಾಗಿ ಕಾಣುವುದಿಲ್ಲ.

ಆದ್ದರಿಂದ ಮೊದಲನೆಯದಾಗಿ, ನಾಣ್ಯಕ್ಕೂ ಹಾಲ್‌ಮಾರ್ಕ್ ಕಡ್ಡಾಯವಾಗಬೇಕು, ಅದೂ ಸಣ್ಣ ತೂಕದ್ದಕ್ಕೆ ಮೊದಲು. ಒಂದು ಗ್ರಾಂ ನಾಣ್ಯಕ್ಕೆ ಗುರುತು ಹಾಕುವುದು ದುಬಾರಿ ಎನ್ನುವ ವಾದವಿದೆ. ಆಭರಣಕ್ಕೆ ಹಾಲ್‌ಮಾರ್ಕ್ ಶುಲ್ಕ ಒಂದಕ್ಕೆ 45 ರೂಪಾಯಿ ಮತ್ತು ತೆರಿಗೆ. ಹತ್ತು ಸಾವಿರ ದಾಟಿದ ವಸ್ತುವಿಗೆ ಇದು ದೊಡ್ಡ ಹೊರೆಯಲ್ಲ.

ಎರಡನೆಯದಾಗಿ, ಬಿಐಎಸ್ ಮಾನ್ಯತೆಯ ಪರೀಕ್ಷಾ ಕೇಂದ್ರಗಳಲ್ಲಿ ಸಾಮಾನ್ಯ ಗ್ರಾಹಕರು ನಾಲ್ಕು ಆಭರಣಗಳವರೆಗೆ 200 ರೂಪಾಯಿಗೆ ಪರೀಕ್ಷೆ ಮಾಡಿಸಿಕೊಳ್ಳುವ ವ್ಯವಸ್ಥೆ 2022ರಿಂದ ಇದೆ. ನನ್ನ ಅಮ್ಮನಿಗೆ ಇದು ಗೊತ್ತಿರಲಿಲ್ಲ, ನನಗೂ ಇರಲಿಲ್ಲ. ಅದೇ ದರದಲ್ಲಿ ನಾಣ್ಯಕ್ಕೂ ಪರೀಕ್ಷೆ ಎಂದು ಬೋರ್ಡ್ ಬರಲಿ, ಚಿನ್ನದಂಗಡಿಗಳಲ್ಲೂ ಆ ಬೋರ್ಡ್ ಕಾಣುವಂತಿರಲಿ. ಗಿರವಿ ಇಡುವವರಿಗೂ ಇದು ಮುಖ್ಯ. ರಿಸರ್ವ್ ಬ್ಯಾಂಕ್ 2025ರಲ್ಲಿ ಹೊರಡಿಸಿದ ಹೊಸ ನಿಯಮಗಳು ಒಬ್ಬರಿಗೆ 50 ಗ್ರಾಂವರೆಗಿನ ಚಿನ್ನದ ನಾಣ್ಯ, 500 ಗ್ರಾಂವರೆಗಿನ ಬೆಳ್ಳಿ ನಾಣ್ಯದ ಮೇಲೆ ಸಾಲಕ್ಕೆ ಅವಕಾಶ ಕೊಡುತ್ತವೆ. ಒಡವೆ, ನಾಣ್ಯ ಪರೀಕ್ಷಿಸುವಾಗ ಸಾಲಗಾರರು ಎದುರಿಗಿರಬೇಕು ಎಂದೂ ಹೇಳುತ್ತವೆ. ಎದುರಿಗಿದ್ದು ಸುಮ್ಮನೆ ನೋಡಿದರೆ ಸಾಲದು, ಯಾವ ಪರೀಕ್ಷೆ, ಎಷ್ಟು ಬಂತು ಎಂದು ಕೇಳಬೇಕು.

ಮೂರನೆಯದು ನಮ್ಮಂಥ ವಿದ್ಯಾರ್ಥಿಗಳ ಕೈಯಲ್ಲೇ ಇದೆ. ಎಂಜಿನಿಯರಿಂಗ್ ಕಾಲೇಜುಗಳ ರಸಾಯನ ಪ್ರಯೋಗಾಲಯದಲ್ಲಿ ಸೂಕ್ಷ್ಮ ತಕ್ಕಡಿ ಇದ್ದೇ ಇರುತ್ತದೆ. ವರ್ಷದ ಬಹುಪಾಲು ಅದು ಗಾಜಿನ ಪೆಟ್ಟಿಗೆಯೊಳಗೆ ಸುಮ್ಮನೆ ಕೂತಿರುತ್ತದೆ. ಅಕ್ಷಯ ತೃತೀಯಕ್ಕೆ ಮುನ್ನ ಒಂದು ದಿನ, ದೀಪಾವಳಿಗೆ ಮುನ್ನ ಒಂದು ದಿನ ಊರಿನವರಿಗೆ ಅದನ್ನು ತೆರೆದಿಡಬಹುದಲ್ಲವೇ? ನಾವು ‘ಇದು ಚಿನ್ನ’ ಎಂದು ಪ್ರಮಾಣಪತ್ರ ಕೊಡುವವರಲ್ಲ, ಕೊಡಲೂಬಾರದು. ‘ಇದು ಚಿನ್ನವಾಗಿರಲು ಸಾಧ್ಯವಿಲ್ಲ, ಕೇಂದ್ರಕ್ಕೆ ಹೋಗಿ ತೋರಿಸಿ’ ಎಂದು ಹೇಳಬಹುದು. ಎಷ್ಟೋ ಮನೆಗಳಿಗೆ ಅಷ್ಟೇ ದೊಡ್ಡ ಸಹಾಯ.

ಅಮ್ಮ ಐದು ನಾಣ್ಯ ಮಾರಿದಳು. ಈ ಸಲ ನನ್ನ ಲೆಕ್ಕದ ಹಾಳೆಯನ್ನೂ ಜತೆಗೆ ಒಯ್ದಿದ್ದೆವು. ಬೇರೆ ಅಂಗಡಿಯವರು ಅದನ್ನು ನೋಡಿ ನಕ್ಕರು, ಆದರೆ ನಮ್ಮೆದುರೇ ಮೀಟರಿಗೆ ಇಟ್ಟು ಅಂಕಿ ತೋರಿಸಿ ದುಡ್ಡು ಕೊಟ್ಟರು. ಶುಲ್ಕಕ್ಕೆ ಸ್ವಲ್ಪ ಕಡಿಮೆ ಬಿದ್ದದ್ದನ್ನು ಚಿಕ್ಕಮ್ಮನಿಂದ ಸಾಲ ತಂದೆವು. ಆ ಆರನೆಯ ನಾಣ್ಯ ಇನ್ನೂ ಸ್ಟೀಲ್ ಡಬ್ಬಿಯಲ್ಲೇ ಇದೆ. ಈಗ ಯಾರಾದರೂ ಚಿನ್ನದ ಚೀಟಿ ಎಂದು ಮನೆಗೆ ಬಂದರೆ ಅಮ್ಮ ಅದನ್ನು ತೆಗೆದು ಅವರ ಕೈಗಿಟ್ಟು, ‘ಬಿಲ್ ಕೊಡ್ತೀರಾ? ಹಾಲ್‌ಮಾರ್ಕ್ ಇರುತ್ತಾ?’ ಎಂದು ಕೇಳುತ್ತಾಳೆ.